ಕರೆಗೆ ಬರುವ ನಾಯಿ: ಕಲಿಕೆ ಮತ್ತು ತರಬೇತಿ

ಸಾಕುನಾಯಿ ಎಲ್ಲೇ ಇರಲಿ, ಏನೇ ಮಾಡುತ್ತಿರಲಿ, ಸಾಕಿದವರು ಕರೆದ ಕೂಡಲೇ ಅದನ್ನು ಬಿಟ್ಟು ಅವರ ಬಳಿಗೆ ಬಂದು ಕೈಗೆ ಸಿಗುವಷ್ಟು ಹತ್ತಿರ ನಿಲ್ಲುವಂತೆ ಕಲಿಸುವ ಕ್ರಮ. ಶ್ವಾನ ತರಬೇತಿದಾರರು ಇದನ್ನು ರೀಕಾಲ್ ಎನ್ನುತ್ತಾರೆ. ಕೂರುವುದು, ಮಲಗುವುದು, ಕೈ ಕೊಡುವುದು ಮೊದಲಾದ ಪಾಠಗಳ ಸಾಲಿಗೆ ಇದನ್ನೂ ಸೇರಿಸುವುದು ವಾಡಿಕೆಯಾದರೂ ಇದರ ತೂಕ ಬೇರೆ. ಕೈ ಕೊಡಲು ಒಪ್ಪದ ನಾಯಿಯಿಂದ ಯಾರಿಗೂ ಹಾನಿಯಿಲ್ಲ. ಕರೆದಾಗ ಬಾರದ ನಾಯಿ ಲಾರಿಯ ಚಕ್ರಕ್ಕೆ ಸಿಗಬಹುದು, ಹಾವಿನ ಮೇಲೆ ಎರಗಬಹುದು, ದಾರಿಹೋಕರನ್ನು ಬೆದರಿಸಬಹುದು, ಪಟಾಕಿಯ ಸದ್ದಿಗೆ ದಿಕ್ಕೆಟ್ಟು ಓಡಿ ಮನೆಯ ದಾರಿ ತಪ್ಪಬಹುದು. ಕರೆದರೆ ಬಂದೇ ಬರುತ್ತದೆ ಎಂಬ ಭರವಸೆ ಇರುವ ನಾಯಿಗೆ ಚೈನಿನ ಹಂಗಿಲ್ಲದೆ ಓಡಾಡುವ ಅವಕಾಶ ಹೆಚ್ಚು. ನಾಯಿಯ ಸುರಕ್ಷತೆ, ಸ್ವಾತಂತ್ರ್ಯ ಎರಡೂ ಈ ಒಂದು ಕಲಿಕೆಯನ್ನು ನೆಚ್ಚಿಕೊಂಡಿವೆ.

ಕಲಿಕೆಯ ತಿರುಳು ಇಷ್ಟೇ: ಕರೆ ಕೇಳಿ ಬಂದಾಗಲೆಲ್ಲ ತನಗೆ ಏನು ಸಿಕ್ಕಿತು ಎಂಬ ಅನುಭವದ ಮೇಲೆ ನಾಯಿ ಮುಂದಿನ ಸಲ ಬರುವುದೋ ಬೇಡವೋ ಎಂದು ತೀರ್ಮಾನಿಸುತ್ತದೆ. ಹಾಗಾಗಿ ನಾಯಿ ಎಷ್ಟು ವಿಧೇಯ ಎಂದು ಕೇಳುವ ಮೊದಲು, ಕರೆಯುವವರು ತಮ್ಮ ಕರೆಯ ಮಾತನ್ನು ಎಷ್ಟು ಸಲ ಉಳಿಸಿಕೊಂಡಿದ್ದಾರೆ ಎಂದು ಕೇಳಬೇಕು. ತರಬೇತಿಯ ಎಲ್ಲ ಹಂತಗಳೂ, ಅದನ್ನು ಕೆಡಿಸುವ ಎಲ್ಲ ತಪ್ಪುಗಳೂ ಈ ಒಂದು ಸಂಗತಿಯನ್ನೇ ಸುತ್ತುತ್ತವೆ.

ನಾಯಿಯ ಸ್ವಭಾವ

ತೋಳದ ವಂಶದಿಂದ ಕವಲೊಡೆದು ಮನುಷ್ಯನೊಂದಿಗೆ ಬಾಳತೊಡಗಿದ ಮೊದಲ ಪ್ರಾಣಿ ನಾಯಿ. ಜರ್ಮನಿಯ ಬಾನ್ ನಗರದ ಬಳಿಯ ಓಬರ್‌ಕಾಸೆಲ್‌ನಲ್ಲಿ 1914ರಲ್ಲಿ ದೊರೆತ, ಇಬ್ಬರು ಮನುಷ್ಯರ ಜೊತೆಯಲ್ಲೇ ಹೂಳಲಾಗಿದ್ದ ನಾಯಿಯ ಮೂಳೆಗಳು ಸುಮಾರು 14,000 ವರ್ಷ ಹಳೆಯವು. ಇಷ್ಟು ದೀರ್ಘ ಒಡನಾಟದ ಫಲವಾಗಿ ಮನುಷ್ಯರ ದನಿಯ ಏರಿಳಿತ, ಮುಖಭಾವ, ಬೆರಳು ತೋರಿದ ದಿಕ್ಕು ಇವನ್ನೆಲ್ಲ ಗಮನಿಸುವುದರಲ್ಲಿ ನಾಯಿ ಬಲು ಚುರುಕು. ಆದರೂ ಕರೆದಾಗ ಬರುವುದು ಹುಟ್ಟುಗುಣವಲ್ಲ, ಕಲಿತೇ ಬರಬೇಕಾದದ್ದು.

ಎಂಟು ವಾರದ ಮರಿ ತಾನಾಗಿಯೇ ಮನೆಯವರ ಕಾಲ ಹಿಂದೆ ಸುತ್ತುತ್ತದೆ. ಇದನ್ನು ಕಂಡು ‘ನಮ್ಮ ನಾಯಿಗೆ ಕಲಿಸಬೇಕಾಗಿಯೇ ಇಲ್ಲ’ ಎಂದುಕೊಳ್ಳುವವರು ಬಹಳ ಮಂದಿ. ಮರಿ ಬೆಳೆದಂತೆ ಈ ಹಿಂಬಾಲಿಸುವ ಗುಣ ಇಳಿಮುಖವಾಗಿ, ಹೊರಗಿನ ವಾಸನೆ, ಸದ್ದು, ಬೇರೆ ನಾಯಿಗಳ ಸೆಳೆತ ಮೇಲುಗೈ ಪಡೆಯುತ್ತದೆ. ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಲೂಸಿ ಆಶರ್ ಮತ್ತು ಸಂಗಡಿಗರು ಮಾರ್ಗದರ್ಶಿ ನಾಯಿಮರಿಗಳ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದು ತಿಂಗಳಲ್ಲಿ ಕೂರು ಎಂದಾಗ ಕೂರುತ್ತಿದ್ದ ಮರಿಗಳು ಎಂಟು ತಿಂಗಳಾದಾಗ ತಮ್ಮನ್ನು ಸಾಕಿದವರ ಮಾತನ್ನು ಮೊದಲಿನಷ್ಟು ಕೇಳದೆ ಹೋದದ್ದು ಕಂಡುಬಂದಿತು. ಅಪರಿಚಿತರ ಮಾತಿಗೆ ಮಾತ್ರ ಈ ಕುಸಿತ ಇರಲಿಲ್ಲ. ಹರೆಯದ ಈ ಕಾಲ ಕಳೆದು ಹೋಗುವಂಥದ್ದು. ನಾಯಿ ಕೆಟ್ಟಿತೆಂದು ಕೈಬಿಡದೆ, ಹಗ್ಗದ ಆಸರೆಯಲ್ಲಿ ಪಾಠವನ್ನು ಮುಂದುವರಿಸಬೇಕು.

ತಳಿಯ ಪಾಲೂ ಇದೆ. ಕುರಿ ಕಾಯಲು ಬೆಳೆಸಿದ ಬಾರ್ಡರ್ ಕೋಲಿ, ಹೊಡೆದ ಹಕ್ಕಿಯನ್ನು ತಂದುಕೊಡಲು ಬೆಳೆಸಿದ ಲ್ಯಾಬ್ರಡಾರ್ ಮೊದಲಾದವು ಮನುಷ್ಯನ ಸೂಚನೆಗಾಗಿ ಹಿಂದಿರುಗಿ ನೋಡುವಂತೆ ತಲೆಮಾರುಗಳಿಂದ ಆಯ್ದು ಬೆಳೆಸಿದವು. ಬೀಗಲ್‌ನಂಥ ವಾಸನೆ ಹಿಡಿಯುವ ನಾಯಿಗಳನ್ನೂ ಕಣ್ಣಿನಿಂದ ಬೇಟೆಯಾಡುವ ಹೌಂಡ್‌ಗಳನ್ನೂ ಒಡೆಯನಿಂದ ದೂರದಲ್ಲಿ ಸ್ವಂತ ಬುದ್ಧಿಯಿಂದ ನಡೆಯುವಂತೆ ಬೆಳೆಸಲಾಯಿತು. ಇವುಗಳಿಗೂ ಕಲಿಸಬಹುದು. ಆದರೆ ಹೆಚ್ಚು ಕಾಲ ಹಿಡಿಯುತ್ತದೆ, ಹೆಚ್ಚು ಎಚ್ಚರ ಬೇಕಾಗುತ್ತದೆ.

ಚರಿತ್ರೆ

ಕುರಿಗಾಹಿಗಳೂ ಬೇಟೆಗಾರರೂ ನಾಯಿಯನ್ನು ದೂರದಿಂದ ಹಿಂದಕ್ಕೆ ಕರೆಯುವ ಕಲೆಯನ್ನು ಪುಸ್ತಕಗಳು ಬರುವುದಕ್ಕೆ ಬಹಳ ಮೊದಲೇ ಕರಗತ ಮಾಡಿಕೊಂಡಿದ್ದರು. 1873ರಲ್ಲಿ ವೇಲ್ಸ್‌ನ ಬಾಲಾದಲ್ಲಿ ನಡೆದ ಕುರಿನಾಯಿಗಳ ಸ್ಪರ್ಧೆಯಿಂದ ಈ ಕಲೆ ಸಾರ್ವಜನಿಕ ಪ್ರದರ್ಶನಕ್ಕೆ ಬಂದಿತು. ಜರ್ಮನಿಯ ಪೊಲೀಸ್ ನಾಯಿಗಳನ್ನು ಪಳಗಿಸುತ್ತಿದ್ದ ಕೊನ್ರಾಡ್ ಮೋಸ್ಟ್ 1910ರಲ್ಲಿ ಹೊರತಂದ ಕೈಪಿಡಿ ತರಬೇತಿಗೆ ಒಂದು ಪದ್ಧತಿಯನ್ನು ಹಾಕಿಕೊಟ್ಟಿತು. ಅದರಲ್ಲಿ ಒತ್ತಾಯಕ್ಕೆ, ಶಿಕ್ಷೆಗೆ ದೊಡ್ಡ ಸ್ಥಾನವಿತ್ತು. ಅಮೆರಿಕದಲ್ಲಿ ಪೂಡಲ್ ನಾಯಿಗಳನ್ನು ಸಾಕುತ್ತಿದ್ದ ಹೆಲೆನ್ ವೈಟ್‌ಹೌಸ್ ವಾಕರ್ 1933ರಲ್ಲಿ ನ್ಯೂಯಾರ್ಕ್ ರಾಜ್ಯದ ಮೌಂಟ್ ಕಿಸ್ಕೋದಲ್ಲಿ ವಿಧೇಯತಾ ಸ್ಪರ್ಧೆಯನ್ನು ಏರ್ಪಡಿಸಿದರು. 1936ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಇಂಥ ಸ್ಪರ್ಧೆಗಳಿಗೆ ನಿಯಮ ರೂಪಿಸಿತು. ಅದೇ ಸಂಸ್ಥೆ 1989ರಲ್ಲಿ ಆರಂಭಿಸಿದ ‘ಕೆನೈನ್ ಗುಡ್ ಸಿಟಿಜನ್’ ಪರೀಕ್ಷೆಯ ಹತ್ತು ಭಾಗಗಳಲ್ಲಿ ಕರೆದಾಗ ಬರುವುದೂ ಒಂದು.

ಪ್ರಯೋಗಶಾಲೆಯ ಕಡೆಯಿಂದ ಬಂದ ಧಾರೆ ಇನ್ನೊಂದು. ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ನೊಬೆಲ್ ಪಡೆದ ರಷ್ಯದ ಇವಾನ್ ಪಾವ್ಲೋವ್, ಊಟಕ್ಕೆ ಮುಂಚೆ ಮತ್ತೆ ಮತ್ತೆ ಕೇಳಿಸಿದ ಸದ್ದೇ ನಾಯಿಯ ಬಾಯಲ್ಲಿ ಜೊಲ್ಲು ತರಿಸುತ್ತದೆ ಎಂದು ತೋರಿಸಿದ್ದ. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯೊಳಗಿಟ್ಟು ಮಾಡಿದ ಪ್ರಯೋಗಗಳಿಂದ, ಒಳ್ಳೆಯ ಫಲ ಕೊಟ್ಟ ವರ್ತನೆಯನ್ನು ಪ್ರಾಣಿ ಮತ್ತೆ ಮಾಡುತ್ತದೆ ಎಂಬ ಸೂತ್ರಕ್ಕೆ ಬಂದ. ಬಿ. ಎಫ್. ಸ್ಕಿನ್ನರ್ 1938ರ ತಮ್ಮ ಗ್ರಂಥದಲ್ಲಿ ಇದನ್ನು ವಿಸ್ತರಿಸಿದರು. ಅವರ ಶಿಷ್ಯರಾದ ಕೆಲ್ಲರ್ ಮತ್ತು ಮರಿಯನ್ ಬ್ರೆಲೆಂಡ್ ದಂಪತಿ 1940ರ ದಶಕದಲ್ಲಿ ಈ ಸೂತ್ರಗಳನ್ನು ಪ್ರಯೋಗಶಾಲೆಯಿಂದ ಹೊರತಂದು ಹತ್ತಾರು ಬಗೆಯ ಪ್ರಾಣಿಗಳಿಗೆ ತರಬೇತಿ ಕೊಟ್ಟರು. 1961ರಲ್ಲಿ ಅವರು ಬರೆದ ಪ್ರಬಂಧವೊಂದು ಇಲ್ಲಿ ನೆನೆಯತಕ್ಕದ್ದು: ಎಷ್ಟೇ ಚೆನ್ನಾಗಿ ಕಲಿಸಿದರೂ ಪ್ರಾಣಿಯ ಹುಟ್ಟುಪ್ರವೃತ್ತಿ ಕೆಲವೊಮ್ಮೆ ಕಲಿಕೆಯನ್ನು ಹಿಂದಕ್ಕೆ ತಳ್ಳುತ್ತದೆ ಎಂದು ಅವರು ಎಚ್ಚರಿಸಿದ್ದರು. ಡಾಲ್ಫಿನ್‌ಗಳನ್ನು ಪಳಗಿಸುತ್ತಿದ್ದ ಕರೆನ್ ಪ್ರಯರ್ ಅವರ 1984ರ ಪುಸ್ತಕ, ಇಯಾನ್ ಡನ್‌ಬಾರ್ ಅವರ ನಾಯಿಮರಿ ತರಗತಿಗಳು, ಕ್ಲಿಕ್ಕರ್ ಎಂಬ ಪುಟ್ಟ ಟಿಕ್‌ಟಿಕ್ ಸಾಧನ ಇವುಗಳ ಮೂಲಕ ಬಹುಮಾನ ಆಧಾರಿತ ಪದ್ಧತಿ ಮನೆಮನೆಗೆ ತಲುಪಿತು.

ಕಲಿಕೆಯ ತತ್ತ್ವ

ಕರೆಯ ಪಾಠದಲ್ಲಿ ಎರಡು ಬಗೆಯ ಕಲಿಕೆ ಒಟ್ಟಿಗೆ ನಡೆಯುತ್ತದೆ. ಮೊದಲನೆಯದು ಪಾವ್ಲೋವ್ ತೋರಿಸಿದ್ದು. ಕರೆಯ ಪದ ಕಿವಿಗೆ ಬಿದ್ದೊಡನೆ ನಾಯಿಯ ಮೈಯಲ್ಲಿ ಹಿತವಾದ ನಿರೀಕ್ಷೆ ಮೂಡಬೇಕು; ಯೋಚಿಸುವ ಮೊದಲೇ ಕತ್ತು ತಿರುಗಬೇಕು. ಎರಡನೆಯದು ಸ್ಕಿನ್ನರ್ ವಿವರಿಸಿದ್ದು. ಓಡಿ ಬಂದ ಕೆಲಸಕ್ಕೆ ಫಲ ಸಿಗಬೇಕು. ಆ ಫಲ ಬಿಟ್ಟು ಬಂದದ್ದಕ್ಕಿಂತ ಕಡಿಮೆಯಾಗಿರಬಾರದು. ಬೇಲಿಯ ಬುಡದಲ್ಲಿ ಮುಂಗುಸಿಯ ವಾಸನೆ ಹಿಡಿದು ನಿಂತ ನಾಯಿಗೆ ಒಣ ಬಿಸ್ಕತ್ತಿನ ಚೂರು ಲೆಕ್ಕಕ್ಕಿಲ್ಲ. ಬೇಯಿಸಿದ ಕೋಳಿಯ ತುಂಡು, ಈಲಿ, ಮೊಟ್ಟೆ, ಪನೀರ್ ಇವುಗಳ ಸೆಳೆತ ಜಾಸ್ತಿ. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷಕಾರಿಯಾದ್ದರಿಂದ ಬಹುಮಾನವಾಗಿ ಎಂದೂ ಕೊಡಬಾರದು.

ಊಟವೊಂದೇ ಬಹುಮಾನವಲ್ಲ. ಡೇವಿಡ್ ಪ್ರೆಮ್ಯಾಕ್ 1959ರಲ್ಲಿ ಮಂಡಿಸಿದ ತತ್ತ್ವದಂತೆ, ಪ್ರಾಣಿ ಬಹಳವಾಗಿ ಬಯಸುವ ಕೆಲಸವನ್ನೇ ಅದು ಅಷ್ಟಾಗಿ ಬಯಸದ ಕೆಲಸಕ್ಕೆ ಬಹುಮಾನವಾಗಿ ಬಳಸಬಹುದು. ಬೇರೆ ನಾಯಿಗಳೊಂದಿಗೆ ಆಡುತ್ತಿದ್ದ ನಾಯಿಯನ್ನು ಕರೆದು, ಬಂದ ಕೂಡಲೇ ತಿಂಡಿ ಕೊಟ್ಟು, ‘ಹೋಗು’ ಎಂದು ಮತ್ತೆ ಆಟಕ್ಕೆ ಬಿಟ್ಟರೆ ನಾಯಿ ಒಂದು ದೊಡ್ಡ ಪಾಠ ಕಲಿಯುತ್ತದೆ: ಕರೆಗೆ ಬಂದರೆ ಆಟ ನಿಲ್ಲುವುದಿಲ್ಲ. ಈ ಒಂದು ಅಭ್ಯಾಸ ರೂಢಿಯಾದರೆ ಬಯಲಿನಲ್ಲಿ ನಾಯಿಯನ್ನು ಹಿಡಿಯಲು ಪಡುವ ಪಾಡು ಬಹುಪಾಲು ತಪ್ಪುತ್ತದೆ.

ಕಲಿಕೆ ಗಟ್ಟಿಯಾದ ಮೇಲೆ ಬಹುಮಾನದಲ್ಲಿ ವೈವಿಧ್ಯ ತರುವುದು ಒಳ್ಳೆಯದು. ಒಮ್ಮೆ ಒಂದು ಚೂರು, ಒಮ್ಮೆ ಒಂದರ ಹಿಂದೆ ಒಂದರಂತೆ ಐದಾರು ಚೂರು, ಒಮ್ಮೆ ಚೆಂಡು, ಒಮ್ಮೆ ಮತ್ತೆ ಓಡಾಟ. ಏನು ಸಿಗುತ್ತದೋ ಎಂಬ ಕುತೂಹಲ ನಾಯಿಯ ಓಟಕ್ಕೆ ವೇಗ ಕೊಡುತ್ತದೆ. ಬಹುಮಾನವನ್ನು ಪೂರ್ತಿ ನಿಲ್ಲಿಸಿದರೆ ಮಾತ್ರ ಕಲಿತದ್ದು ದಿನ ಕಳೆದಂತೆ ಮಾಸುತ್ತದೆ.

ಕರೆಯ ರೂಪ

ಕರೆ ಪದವಾಗಿರಬಹುದು, ಸಿಳ್ಳೆಯಾಗಿರಬಹುದು, ಕೈಸನ್ನೆಯಾಗಿರಬಹುದು. ಮನೆಯವರೆಲ್ಲ ಒಂದನ್ನೇ ಬಳಸುವುದು ಮುಖ್ಯ. ಅಜ್ಜಿ ‘ಬಾರೋ’ ಎಂದು, ಅಪ್ಪ ಬರೀ ಹೆಸರು ಹಿಡಿದು, ಮಕ್ಕಳು ‘ಕಮ್’ ಎಂದು ಕರೆದರೆ ನಾಯಿ ಮೂರು ಪಾಠಗಳನ್ನು ಅರ್ಧರ್ಧ ಕಲಿಯುತ್ತದೆ. ಹೆಸರಿನ ಕೆಲಸ ಗಮನ ಸೆಳೆಯುವುದು. ದಿನಕ್ಕೆ ನೂರು ಸಲ ನಾನಾ ಕಾರಣಕ್ಕೆ ಕಿವಿಗೆ ಬೀಳುವ ಹೆಸರನ್ನೇ ಕರೆಯನ್ನಾಗಿ ಮಾಡಿಕೊಂಡರೆ ಅದರ ಹರಿತ ಉಳಿಯುವುದಿಲ್ಲ. ‘ಬಾ’ ಎಂಬ ಪದವೂ ಮನೆಯ ಮಾತಿನಲ್ಲಿ ಸದಾ ಓಡಾಡುವಂಥದ್ದು. ಆದ್ದರಿಂದ ದಿನಬಳಕೆಯಲ್ಲಿ ಅಷ್ಟಾಗಿ ಬಾರದ, ಕೂಗಲು ಸುಲಭವಾದ ಬೇರೊಂದು ಪದವನ್ನು ಆರಿಸಿಕೊಳ್ಳುವುದು ಕ್ಷೇಮ.

ದನಿಯ ಗುಣದ ಬಗ್ಗೆ ಅಮೆರಿಕದ ಪ್ರಾಣಿವರ್ತನಾ ವಿಜ್ಞಾನಿ ಪೆಟ್ರೀಷಿಯಾ ಮೆಕಾನಲ್ ಅವರ ಅಧ್ಯಯನ ಬೆಲೆಯುಳ್ಳದ್ದು. ಹಲವು ಭಾಷೆಗಳ ಪ್ರಾಣಿಪಾಲಕರು ಬಳಸುವ ಸದ್ದುಗಳನ್ನು ಅವರು ಸಂಗ್ರಹಿಸಿದಾಗ ಒಂದು ಹೋಲಿಕೆ ಎದ್ದು ಕಂಡಿತು. ಪ್ರಾಣಿಯನ್ನು ಹೊರಡಿಸಲು, ಚುರುಕುಗೊಳಿಸಲು ಚಿಕ್ಕದಾದ, ಬೇಗ ಬೇಗ ಮರುಕಳಿಸುವ ಸದ್ದು. ನಿಲ್ಲಿಸಲು, ತಣಿಸಲು ಉದ್ದನೆಯ ಒಂದೇ ಸ್ವರ. 1990ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಮರಿಗಳಿಗೆ ಬರುವುದನ್ನು ಕಲಿಸಲು ಇಳಿಯುವ ಉದ್ದ ಸ್ವರಕ್ಕಿಂತ ಏರುವ ನಾಲ್ಕು ಚಿಕ್ಕ ಸ್ವರಗಳು ಹೆಚ್ಚು ಫಲ ಕೊಟ್ಟವು. ನಮ್ಮ ಹಳ್ಳಿಗಳಲ್ಲಿ ‘ಕುರ್ ಕುರ್’ ಎಂದೋ ನಾಲಿಗೆ ಲೊಚಗುಟ್ಟಿಯೋ ನಾಯಿಯನ್ನು ಕರೆಯುವ ರೂಢಿ ಇದೇ ಬಗೆಯದು. ನಾಯಿ ದೂರ ಹೋದಷ್ಟೂ ಗಟ್ಟಿಯಾಗಿ, ಗಡುಸಾಗಿ, ಉದ್ದವಾಗಿ ಅರಚುವುದು ಇದಕ್ಕೆ ತೀರ ವಿರುದ್ಧ. ಆ ದನಿ ನಾಯಿಯನ್ನು ನಿಂತಲ್ಲೇ ನಿಲ್ಲಿಸಬಹುದು, ಇಲ್ಲವೇ ಹಿಂಜರಿಯುವಂತೆ ಮಾಡಬಹುದು.

ಸಿಳ್ಳೆಗೆ ಬೇರೆ ಅನುಕೂಲಗಳಿವೆ. ಗಾಳಿಯಲ್ಲೂ ದೂರಕ್ಕೆ ಕೇಳಿಸುತ್ತದೆ, ಯಾರು ಊದಿದರೂ ಒಂದೇ ಸಮ ಇರುತ್ತದೆ, ಕರೆದವರ ಸಿಟ್ಟು, ಗಾಬರಿ ಅದರಲ್ಲಿ ಕೇಳಿಸುವುದಿಲ್ಲ. ಬ್ರಿಟನ್ನಿನ ಫ್ರಾನ್ಸಿಸ್ ಗಾಲ್ಟನ್ 1876ರಲ್ಲಿ ರೂಪಿಸಿದ ಸಿಳ್ಳೆಯಿಂದ ‘ಮೌನ ಸಿಳ್ಳೆ’ಗಳ ಪರಂಪರೆ ಆರಂಭವಾಯಿತು. ಮನುಷ್ಯರ ಕಿವಿಯ ಮಿತಿ ಸುಮಾರು 20,000 ಹರ್ಟ್ಸ್ ಆದರೆ ನಾಯಿ ಸುಮಾರು 45,000 ಹರ್ಟ್ಸ್‌ವರೆಗಿನ ಸದ್ದನ್ನು ಕೇಳಬಲ್ಲದು. ಆದರೆ ಸಿಳ್ಳೆಯಲ್ಲಿ ಮಾಂತ್ರಿಕತೆ ಏನಿಲ್ಲ. ಪದದಂತೆಯೇ ಅದಕ್ಕೂ ಅರ್ಥವನ್ನು ತುಂಬಬೇಕು.

ಮೈಯ ಭಂಗಿಯೂ ಮಾತಾಡುತ್ತದೆ. ಮುಂದಕ್ಕೆ ಬಾಗಿ ಕೈಚಾಚಿ ಹಿಡಿಯಲು ಹೋದವರಿಂದ ನಾಯಿ ಸರಿದುಕೊಳ್ಳುತ್ತದೆ. ಓರೆಯಾಗಿ ನಿಂತು ಕುಕ್ಕರಗಾಲಲ್ಲಿ ಕೂತರೆ, ಇಲ್ಲವೇ ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ಓಡಿದರೆ ಅದೇ ನಾಯಿ ಹಿಂದೆ ಓಡಿ ಬರುತ್ತದೆ.

ತರಬೇತಿಯ ಹಂತಗಳು

ಮೊದಲ ಹಂತ ಪದಕ್ಕೆ ಅರ್ಥ ತುಂಬುವುದು. ಮನೆಯೊಳಗೆ, ನಾಯಿ ಪಕ್ಕದಲ್ಲೇ ಇರುವಾಗ, ಪದವನ್ನು ಒಮ್ಮೆ ಹೇಳಿ ತಕ್ಷಣ ತಿಂಡಿ ಕೊಡಬೇಕು. ನಾಯಿ ಏನನ್ನೂ ಮಾಡಬೇಕಿಲ್ಲ. ಪದ ಮೊದಲು, ತಿಂಡಿ ಆಮೇಲೆ. ಈ ಕ್ರಮ ತಪ್ಪಬಾರದು. ತಿಂಡಿಯ ಡಬ್ಬಿ ಅಲ್ಲಾಡಿಸಿ ಆಮೇಲೆ ಕರೆದರೆ ನಾಯಿ ಡಬ್ಬಿಯ ಸದ್ದನ್ನು ಕಲಿಯುತ್ತದೆ, ಕರೆಯನ್ನಲ್ಲ. ಮರಿಗಳಿಗೆ ಲಸಿಕೆ ಪೂರ್ತಿಯಾಗುವವರೆಗೆ ಹೊರಗೆ ಕರೆದೊಯ್ಯಲಾಗದ ದಿನಗಳು ಈ ಪಾಠಕ್ಕೆ ಹೇಳಿ ಮಾಡಿಸಿದಂತಿವೆ. ಮರಿ ಹೊಸ ಅನುಭವಗಳಿಗೆ ಬೇಗ ಒಗ್ಗುವ ಮೂರರಿಂದ ಹನ್ನೆರಡು ವಾರಗಳ ಅವಧಿಯನ್ನು ಸ್ಕಾಟ್ ಮತ್ತು ಫುಲ್ಲರ್ ತಮ್ಮ 1965ರ ಗ್ರಂಥದಲ್ಲಿ ಗುರುತಿಸಿದ್ದರು. ಈ ಅವಧಿಯ ಕೊನೆಯ ಭಾಗದಲ್ಲೇ ಮರಿಗಳು ಸಾಮಾನ್ಯವಾಗಿ ಹೊಸ ಮನೆ ಸೇರುತ್ತವೆ.

ಎರಡನೆಯದು ಮನೆಯೊಳಗಿನ ಓಡಾಟ. ಇಬ್ಬರು ನಡುಮನೆಯ ಎರಡು ತುದಿಗಳಲ್ಲಿ ಕೂತು ಸರದಿಯಂತೆ ಕರೆಯುತ್ತಾರೆ. ಒಬ್ಬರು ಮರಿಯ ಎದೆಗೆ ಮೆಲ್ಲನೆ ಕೈ ಅಡ್ಡವಿಟ್ಟು ಹಿಡಿದಿದ್ದು, ಇನ್ನೊಬ್ಬರು ಕರೆದ ಮೇಲೆ ಬಿಟ್ಟರೆ ಓಟ ಇನ್ನೂ ಹುರುಪಾಗುತ್ತದೆ. ಮುಂದೆ ಬಾಗಿಲ ಮರೆಯಲ್ಲಿ ಅವಿತು ಕರೆಯುವ ಆಟವನ್ನು ಸೇರಿಸಬಹುದು. ಬಂದ ಮೇಲೆ ತಿಂಡಿ ಕೊಡುವ ಮೊದಲು ಒಂದು ಕೈಯಲ್ಲಿ ಕೊರಳ ಬೆಲ್ಟನ್ನು ಮುಟ್ಟುವುದನ್ನು ಇಲ್ಲಿಂದಲೇ ರೂಢಿಸಬೇಕು. ಹತ್ತಿರದವರೆಗೆ ಬಂದು, ಕೈ ಚಾಚಿದೊಡನೆ ಪಕ್ಕಕ್ಕೆ ಜಿಗಿದು ಓಡುವ ನಾಯಿಗಳು ಬಹುತೇಕ ಈ ಪಾಠ ತಪ್ಪಿಸಿಕೊಂಡವು.

ಮೂರನೆಯದು ಅಂಗಳ, ತಾರಸಿ, ಕಾಂಪೌಂಡು. ನಾಲ್ಕನೆಯದು ಬಯಲು, ಮತ್ತು ಅಲ್ಲಿ ಉದ್ದ ಹಗ್ಗ. ಐದರಿಂದ ಹದಿನೈದು ಮೀಟರ್ ಉದ್ದದ ಹಗುರ ಹಗ್ಗವನ್ನು ಕೊರಳಿಗಲ್ಲದೆ ಎದೆಪಟ್ಟಿಯ ಬೆನ್ನಿನ ಕೊಂಡಿಗೆ ಕಟ್ಟಬೇಕು. ಓಡುವ ನಾಯಿ ಹಗ್ಗದ ತುದಿ ತಲುಪಿದಾಗ ಕತ್ತಿಗೆ ಜಗ್ಗು ಬೀಳಬಾರದು. ಹಗ್ಗ ಇರುವುದು ಎಳೆಯುವುದಕ್ಕಲ್ಲ, ನಾಯಿ ಓಡಿಹೋಗದಂತೆ ತಡೆಯುವುದಕ್ಕೆ.

ಹತ್ತಿರದಿಂದ ನೋಡಿದರೆ ಈ ಹಂತದ ಒಂದು ಪಾಠ ಹೀಗಿರುತ್ತದೆ. ನಾಯಿ ಹುಲ್ಲಿನಲ್ಲಿ ಮೂಗು ಹುದುಗಿಸಿ ಮೂಸುತ್ತಿದೆ. ಉಸಿರು ಬಿರುಸಾಗಿ, ಬಾಲ ಸೆಟೆದು, ಕಿವಿ ಮುಂದಕ್ಕೆ ನಿಮಿರಿದ್ದರೆ ಈಗ ಕರೆದು ಫಲವಿಲ್ಲ. ಕರೆ ಅದರ ತಲೆಗೆ ಹೋಗುವುದೇ ಇಲ್ಲ. ಕಲಿಸುವವರು ಸುಮ್ಮನೆ ಕಾಯುತ್ತಾರೆ. ಮೂಗು ಹುಲ್ಲಿನಿಂದ ಮೇಲೇಳುತ್ತದೆ, ಒಂದು ಕಿವಿ ಹಿಂದಕ್ಕೆ ಹೊರಳುತ್ತದೆ. ಕರೆಯಬೇಕಾದ ಗಳಿಗೆ ಅದು. ಪದ ಒಂದೇ ಸಲ, ಉಲ್ಲಾಸದ ದನಿಯಲ್ಲಿ. ಕತ್ತು ತಿರುಗಿದ ಕ್ಷಣವೇ ‘ಭೇಷ್’ ಎಂದು ಹೊಗಳಿ ಎರಡು ಹೆಜ್ಜೆ ಹಿಂದಕ್ಕೆ ಓಡುತ್ತಾರೆ. ನಾಯಿ ಬಂದು ಮುಟ್ಟಿದಾಗ ಬೆಲ್ಟು ಹಿಡಿದು, ತಿಂಡಿಯ ಚೂರುಗಳನ್ನು ಒಂದೊಂದಾಗಿ ಕೊಟ್ಟು, ಮತ್ತೆ ಅದೇ ಹುಲ್ಲಿನ ಕಡೆಗೆ ಬಿಟ್ಟುಬಿಡುತ್ತಾರೆ. ನಾಯಿ ಬಾರದಿದ್ದರೆ ಎರಡನೆಯ ಸಲ ಕೂಗುವುದಿಲ್ಲ. ಹಗ್ಗವನ್ನು ಕೈಯಲ್ಲಿ ಸುತ್ತಿಕೊಳ್ಳುತ್ತಾ ತಾವೇ ಹತ್ತಿರ ಹೋಗಿ, ಮೂಗಿನ ಬಳಿ ತಿಂಡಿ ಹಿಡಿದು ಅದನ್ನು ಅಲ್ಲಿಂದ ಹೊರಳಿಸುತ್ತಾರೆ. ಮುಂದಿನ ಸಲ ಇನ್ನೂ ಸುಲಭದ ಸನ್ನಿವೇಶದಲ್ಲಿ ಕರೆಯುತ್ತಾರೆ. ಪಾಠ ಐದು ನಿಮಿಷಕ್ಕಿಂತ ಹೆಚ್ಚು ಬೇಡ. ನಮ್ಮ ಬಿಸಿಲಿನಲ್ಲಿ ನಸುಕು ಅಥವಾ ಸಂಜೆಯೇ ಸೂಕ್ತ. ಕಾದ ಡಾಂಬರು ನಾಯಿಯ ಅಂಗಾಲನ್ನು ಸುಡುತ್ತದೆ.

ಐದನೆಯ ಹಂತದಲ್ಲಿ ಸೆಳೆತಗಳನ್ನು ಒಂದೊಂದಾಗಿ ಸೇರಿಸಬೇಕು: ದೂರದಲ್ಲಿ ನಡೆದು ಹೋಗುವ ಜನ, ಉರುಳುವ ಚೆಂಡು, ಬೇರೆ ನಾಯಿ, ಕೋಳಿ, ದನ. ದೂರ ಹೆಚ್ಚಿಸಿದಾಗ ಸೆಳೆತ ತಗ್ಗಿಸಬೇಕು, ಸೆಳೆತ ಹೆಚ್ಚಿಸಿದಾಗ ದೂರ ತಗ್ಗಿಸಬೇಕು. ಹತ್ತು ಕರೆಗೆ ಎಂಟು ಸಲವಾದರೂ ಮೊದಲ ಕೂಗಿಗೇ ಬಂದರೆ ಮುಂದಿನ ಮೆಟ್ಟಿಲಿಗೆ ಹೋಗಬಹುದು ಎಂಬುದು ತರಬೇತಿದಾರರಲ್ಲಿ ಬಳಕೆಯಲ್ಲಿರುವ ಅಳತೆ. ಮನೆಯಲ್ಲಿ ಕಲಿತದ್ದು ಬಯಲಿಗೆ ತಾನಾಗಿ ವರ್ಗವಾಗುವುದಿಲ್ಲ; ಪ್ರತಿ ಹೊಸ ಜಾಗದಲ್ಲೂ ಪಾಠವನ್ನು ಸುಲಭದಿಂದ ಮತ್ತೆ ಆರಂಭಿಸಬೇಕು. ಇವೆಲ್ಲ ಪಳಗಿದ ಮೇಲೆ, ಸುತ್ತ ಬೇಲಿಯಿರುವ ಜಾಗದಲ್ಲಿ ಹಗ್ಗ ಬಿಚ್ಚುವುದು ಕೊನೆಯ ಹಂತ.

ಇದರ ಜೊತೆಗೆ ತುರ್ತುಕರೆಯೊಂದನ್ನು ಬೇರೆಯಾಗಿ ಬೆಳೆಸಿಡುವುದುಂಟು. ಬೇರೆಲ್ಲೂ ಬಳಸದ ಪದ ಅಥವಾ ಸಿಳ್ಳೆ, ಬೇರೆಲ್ಲೂ ಸಿಗದ ತಿಂಡಿ, ವಾರಕ್ಕೆ ಕೆಲವೇ ಅಭ್ಯಾಸ. ನಾಯಿ ರಸ್ತೆಯ ಕಡೆ ಓಡಿದಂಥ ಗಳಿಗೆಗೆ ಇದು ಮೀಸಲು.

ಕರೆಯನ್ನು ಕೆಡಿಸುವ ತಪ್ಪುಗಳು

ತಡವಾಗಿ ಬಂದ ನಾಯಿಗೆ ಹೊಡೆಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಹೊಡೆದವರ ಮನಸ್ಸಿನಲ್ಲಿ ಅದು ಓಡಿಹೋದದ್ದಕ್ಕೆ ಶಿಕ್ಷೆ. ನಾಯಿಯ ಅನುಭವದಲ್ಲಿ ಅದು ಹತ್ತಿರ ಬಂದದ್ದಕ್ಕೆ ಸಿಕ್ಕ ಫಲ. ಎಷ್ಟೇ ತಡವಾಗಿ ಬಂದರೂ, ಎಷ್ಟೇ ಸಿಟ್ಟು ಬಂದಿದ್ದರೂ, ಬಂದ ನಾಯಿಯನ್ನು ಆದರದಿಂದಲೇ ಕಾಣಬೇಕು.

ಕರೆದು ಸ್ನಾನ ಮಾಡಿಸುವುದು, ಉಗುರು ಕತ್ತರಿಸುವುದು, ಕಿವಿಗೆ ಔಷಧ ಬಿಡುವುದು ಇವೂ ಅದೇ ಜಾತಿಯವು. ಇಂಥ ಕೆಲಸಕ್ಕೆ ನಾಯಿಯಿದ್ದಲ್ಲಿಗೆ ತಾವೇ ಹೋಗುವುದು ಒಳ್ಳೆಯದು. ವಾಕಿಂಗ್ ಮುಗಿಸಿ ಮನೆಗೆ ಹೊರಡುವಾಗ ಮಾತ್ರ ಕರೆದು ಚೈನು ಹಾಕಿದರೆ, ಕರೆ ಎಂದರೆ ಆಟದ ಕೊನೆ ಎಂದು ನಾಯಿ ಲೆಕ್ಕ ಹಾಕುತ್ತದೆ. ನಡುನಡುವೆ ಹಲವು ಸಲ ಕರೆದು, ತಿನ್ನಿಸಿ, ಬಿಡುತ್ತಿರಬೇಕು.

‘ಬಾ ಬಾ ಬಾ ಬಾ’ ಎಂದು ಕೂಗುತ್ತಲೇ ಇದ್ದರೆ ಐದನೆಯ ಕೂಗಿನವರೆಗೆ ಕಾಯಬಹುದೆಂದು ನಾಯಿ ಕಲಿಯುತ್ತದೆ. ಬೆನ್ನಟ್ಟಿ ಓಡಿದರೆ ಅದು ಹಿಡಿಯುವ ಆಟವಾಗುತ್ತದೆ, ಆ ಆಟದಲ್ಲಿ ಗೆಲ್ಲುವುದು ನಾಯಿಯೇ. ಪದೇ ಪದೇ ಹುಸಿಯಾಗಿ ಮೊಂಡಾದ ಪದವನ್ನು ಕೈಬಿಟ್ಟು, ಹೊಸ ಪದವನ್ನು ಮೊದಲ ಹಂತದಿಂದ ಕಲಿಸುವುದು ಹಳೆಯದನ್ನು ರಿಪೇರಿ ಮಾಡುವುದಕ್ಕಿಂತ ಸುಲಭ.

ಶಾಕ್ ಕಾಲರ್ ಚರ್ಚೆ

ರಿಮೋಟ್ ಒತ್ತಿದಾಗ ಕೊರಳಿಗೆ ವಿದ್ಯುತ್ ಆಘಾತ ಕೊಡುವ ಕಾಲರ್‌ಗಳನ್ನು ಮುಖ್ಯವಾಗಿ ಕರೆದಾಗ ಬಾರದ ನಾಯಿಗಳಿಗೆ ಬೇಕೆಂದೇ ಸಮರ್ಥಿಸಲಾಗುತ್ತದೆ. ಈ ವಾದವನ್ನು ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು ನೇರವಾಗಿ ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಕರೆಗೆ ಸರಿಯಾಗಿ ಬಾರದಿರುವಂಥ ತೊಂದರೆಗಳಿದ್ದ 63 ನಾಯಿಗಳನ್ನು 21ರಂತೆ ಮೂರು ಗುಂಪು ಮಾಡಲಾಯಿತು. ಎರಡು ಗುಂಪುಗಳಿಗೆ ಕಾಲರ್ ತಯಾರಕರ ಸಂಘ ಸೂಚಿಸಿದ ತರಬೇತಿದಾರರು ಕಲಿಸಿದರು. ಅವರು ಒಂದು ಗುಂಪಿಗೆ ಕಾಲರ್ ಬಳಸಿದರು, ಇನ್ನೊಂದಕ್ಕೆ ಬಳಸಲಿಲ್ಲ. ಮೂರನೆಯ ಗುಂಪಿಗೆ ಬಹುಮಾನ ಪದ್ಧತಿಯವರು ಕಲಿಸಿದರು. ಕಾಲರ್‌ನಿಂದ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ಮೊದಲ ಆಜ್ಞೆಗೇ ಓಗೊಡುವುದರಲ್ಲಿ ಬಹುಮಾನ ಪದ್ಧತಿಯ ನಾಯಿಗಳೇ ಮುಂದಿದ್ದವು. ಅದೇ ವರ್ಷ ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳ ಮೇಲೆ ನಡೆದ ಅಧ್ಯಯನ, ಶಿಕ್ಷೆಯನ್ನು ನೆಚ್ಚಿದ ತರಬೇತಿ ಶಾಲೆಗಳ ನಾಯಿಗಳಲ್ಲಿ ಒತ್ತಡದ ಲಕ್ಷಣಗಳು ಹೆಚ್ಚೆಂದು ತೋರಿಸಿತು.

ವೇಲ್ಸ್ 2010ರಲ್ಲೇ ಇಂಥ ಕಾಲರ್‌ಗಳ ಬಳಕೆಯನ್ನು ನಿಷೇಧಿಸಿದೆ. ಪ್ರಾಣಿವರ್ತನೆಯಲ್ಲಿ ಪರಿಣತರಾದ ಪಶುವೈದ್ಯರ ಅಮೆರಿಕದ ಸಂಘ 2021ರ ತನ್ನ ಹೇಳಿಕೆಯಲ್ಲಿ ಎಲ್ಲ ನಾಯಿಗಳಿಗೂ ಬಹುಮಾನ ಆಧಾರಿತ ತರಬೇತಿಯನ್ನೇ ಶಿಫಾರಸು ಮಾಡಿದೆ. ನೋವಿಗೆ ಹೆದರಿ ಬರುವ ನಾಯಿ, ಆ ಹೊತ್ತಿಗೆ ಎದುರಿಗಿದ್ದ ಮಗುವಿಗೋ ಬೇರೆ ನಾಯಿಗೋ ಆ ನೋವನ್ನು ತಳುಕು ಹಾಕಿಕೊಳ್ಳುವ ಅಪಾಯವೂ ಸಣ್ಣದಲ್ಲ.

ಮುಧೋಳ ನಾಯಿ, ಬೀದಿಯ ನಾಯಿ, ಕಿವುಡು ನಾಯಿ

ಕರ್ನಾಟಕದ ಹೆಮ್ಮೆಯ ತಳಿ ಮುಧೋಳ ಕಣ್ಣಿನಿಂದ ಬೇಟೆಯಾಡುವ ಹೌಂಡ್. ಬಾಗಲಕೋಟೆ ಜಿಲ್ಲೆಯ ಬಯಲುಗಳಲ್ಲಿ ಮೊಲದ ಬೆನ್ನಟ್ಟುವುದಕ್ಕೆಂದೇ ಬೆಳೆದ ಈ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂದಿತು. 2016ರಲ್ಲಿ ಮುಧೋಳ ಮರಿಗಳು ತರಬೇತಿಗಾಗಿ ಭಾರತೀಯ ಸೇನೆಯ ಮೀರತ್ ಕೇಂದ್ರಕ್ಕೆ ಹೋದವು. ಮುಧೋಳ ಬಳಿಯ ತಿಮ್ಮಾಪುರದಲ್ಲಿ ತಳಿಯ ಸಂವರ್ಧನೆಗೆ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಇಂಥ ನಾಯಿಗೆ ಓಡುವ ವಸ್ತು ಕಣ್ಣಿಗೆ ಬಿದ್ದ ಮೇಲೆ ಕರೆಯುವುದು ತಡವಾದಂತೆಯೇ. ಅದು ತಲೆಯೆತ್ತಿ ದಿಗಂತವನ್ನು ದಿಟ್ಟಿಸಿ ಮೈ ಬಿಗಿದ ಕ್ಷಣದಲ್ಲೇ, ಓಟ ಆರಂಭವಾಗುವ ಮುನ್ನವೇ ಕರೆಯಬೇಕು. ಬಹುಮಾನವಾಗಿ ಕೈಯಲ್ಲಿನ ತಿಂಡಿಗಿಂತ, ಬೆನ್ನಟ್ಟಿ ಹಿಡಿಯಬಹುದಾದ ಬಟ್ಟೆಯ ಗೊಂಬೆಯನ್ನು ಹಗ್ಗಕ್ಕೆ ಕಟ್ಟಿ ನೆಲದ ಮೇಲೆ ಎಳೆಯುವುದು ಇವಕ್ಕೆ ಹೆಚ್ಚು ಇಷ್ಟ. ಬೇಲಿಯಿಲ್ಲದ ಬಯಲಿನಲ್ಲಿ ಹಗ್ಗ ಬಿಚ್ಚದಿರುವುದು ವಿವೇಕ.

ಬೀದಿಯಿಂದ ಮನೆಗೆ ಬಂದ ನಾಡು ನಾಯಿ ಬೇರೆಯೇ ಕಥೆ. ಅದಕ್ಕೆ ಬುದ್ಧಿಯ ಕೊರತೆಯಿಲ್ಲ. ಮನುಷ್ಯನ ಕೈ ಕಲ್ಲನ್ನೂ ಎತ್ತಬಲ್ಲದು ಎಂದು ಅದಕ್ಕೆ ಗೊತ್ತಿದೆ. ಕೋಲ್ಕತ್ತದ ಐಸರ್ ಸಂಸ್ಥೆಯ ಅನಿಂದಿತಾ ಭದ್ರ ಮತ್ತು ಸಂಗಡಿಗರು ಬೀದಿನಾಯಿಗಳ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರ ಮೇಲೆ ನಂಬಿಕೆ ಬೆಳೆಯಲು ಮತ್ತೆ ಮತ್ತೆ ತಿಂಡಿ ಕೊಟ್ಟದ್ದಕ್ಕಿಂತ ಮತ್ತೆ ಮತ್ತೆ ಮೈದಡವಿದ್ದು ಹೆಚ್ಚು ನೆರವಾಯಿತು. ಇಂಥ ನಾಯಿಗೆ ಕರೆಯ ಪಾಠಕ್ಕೆ ಮೊದಲು ಕೆಲವು ವಾರ ಬರೀ ಒಡನಾಟ ಬೇಕು. ಅದು ತಾನಾಗಿ ಹತ್ತಿರ ಬಂದಾಗಲೆಲ್ಲ ಆದರಿಸುತ್ತಾ ಹೋದರೆ ಕರೆಗೆ ಬೇಕಾದ ಅಡಿಪಾಯ ಅಲ್ಲೇ ಸಿದ್ಧವಾಗುತ್ತದೆ.

ಡಾಲ್ಮೇಷಿಯನ್ ಮೊದಲಾದ ಕೆಲವು ತಳಿಗಳಲ್ಲಿ ಹುಟ್ಟುಕಿವುಡು ಹೆಚ್ಚು. ಕಿವುಡು ನಾಯಿಗೆ ಕೈಸನ್ನೆ, ರಾತ್ರಿ ಹೊತ್ತು ಟಾರ್ಚಿನ ಮಿನುಗು, ನೋವು ಕೊಡದೆ ಬರೀ ಅದುರುವ ಕಾಲರ್ ಇವು ಕರೆಯಾಗಬಲ್ಲವು. ನಡುನಡುವೆ ತಾನಾಗಿ ಹಿಂದಿರುಗಿ ಮುಖ ನೋಡಿದಾಗಲೆಲ್ಲ ಬಹುಮಾನ ಕೊಡುವುದು ಇವಕ್ಕೆ ಅತ್ಯಗತ್ಯ ಪಾಠ.

ನಮ್ಮ ಪರಿಸರದಲ್ಲಿ

ಕರ್ನಾಟಕದ ಊರು ಕೇರಿಗಳಲ್ಲಿ ನಾಯಿಯನ್ನು ಹಗಲೆಲ್ಲ ಕಟ್ಟಿಹಾಕಿ ರಾತ್ರಿ ಬಿಡುವ ಪದ್ಧತಿ ಇನ್ನೂ ಇದೆ. ಕಟ್ಟಿದ ನಾಯಿಗೆ ಕರೆ ಕಲಿಯುವ ಅವಕಾಶವೇ ಸಿಗುವುದಿಲ್ಲ. ಬಿಟ್ಟೊಡನೆ ಅದು ದಿಕ್ಕಾಪಾಲಾಗಿ ಓಡುತ್ತದೆ, ಓಡುತ್ತದೆಂದು ಮತ್ತೆ ಕಟ್ಟುತ್ತಾರೆ. ನಾಯಿಯನ್ನು ವಿನಾಕಾರಣ ದೀರ್ಘಕಾಲ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಕಟ್ಟಿಡುವುದನ್ನೂ, ಸದಾ ಕಟ್ಟಿಟ್ಟ ನಾಯಿಗೆ ಓಡಾಟ ಕೊಡದಿರುವುದನ್ನೂ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಕ್ರೌರ್ಯವೆಂದು ಪರಿಗಣಿಸುತ್ತದೆ. ಕರೆ ಕಲಿತ ನಾಯಿಗೆ ಈ ಸುಳಿಯಿಂದ ಬಿಡುಗಡೆಯುಂಟು.

ಮಲೆನಾಡು, ಕೊಡಗಿನ ತೋಟಗಳಲ್ಲಿ ನಾಯಿಗೆ ಚಿರತೆಯ ಭಯ, ಹಂದಿಗೆ ಒಡ್ಡಿದ ಉರುಳಿನ ಭಯ. ಕಾಡಂಚಿನಲ್ಲಿ ನಾಯಿ ಕಾಡುಪ್ರಾಣಿಗಳಿಗೂ ಅಪಾಯಕಾರಿ. ಅವನ್ನು ಅಟ್ಟಾಡಿಸುತ್ತದೆ, ಡಿಸ್ಟೆಂಪರ್‌ನಂಥ ರೋಗಗಳನ್ನು ಹರಡಬಹುದು. ನಗರಗಳಲ್ಲಿ ವಾಹನ, ಬೀದಿನಾಯಿಗಳ ಗುಂಪು, ಗಣೇಶನ ಮೆರವಣಿಗೆ, ದೀಪಾವಳಿಯ ಪಟಾಕಿ. ಹೆದರಿ ಓಡುವ ನಾಯಿಗೆ ಎಷ್ಟೇ ಕಲಿಸಿದ್ದರೂ ಕರೆ ಕೇಳಿಸದೆ ಹೋಗಬಹುದು. ಹಬ್ಬದ ದಿನಗಳಲ್ಲಿ ಮನೆಯೊಳಗಿರಿಸುವುದು, ಬೆಲ್ಟಿಗೆ ಫೋನ್ ಸಂಖ್ಯೆಯ ಬಿಲ್ಲೆ ಹಾಕುವುದು, ಮೈಕ್ರೋಚಿಪ್ ಹಾಕಿಸುವುದು ಕರೆಯ ಪಾಠಕ್ಕೆ ಪೂರಕವಾದ ಎಚ್ಚರಗಳು.

ಮಿತಿಗಳು

ನೂರಕ್ಕೆ ನೂರು ಸಲ ಬರುವ ನಾಯಿ ಇಲ್ಲ. ಬೆದೆಗೆ ಬಂದ ಹೆಣ್ಣುನಾಯಿಯ ವಾಸನೆ ಹಿಡಿದ ಗಂಡು, ಬೇಟೆಯ ಓಟದಲ್ಲಿರುವ ಹೌಂಡ್, ಸಿಡಿಮದ್ದಿಗೆ ಬೆಚ್ಚಿದ ಯಾವುದೇ ನಾಯಿ ಕರೆಯನ್ನು ಮೀರಬಹುದು. ಬ್ರೆಲೆಂಡ್ ದಂಪತಿಯ ಎಚ್ಚರಿಕೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಆದ್ದರಿಂದ ರಸ್ತೆ ಹತ್ತಿರವಿರುವಲ್ಲಿ, ಬಿಟ್ಟ ನಾಯಿಗಳಿಗೆ ಅನುಮತಿಯಿಲ್ಲದ ಉದ್ಯಾನಗಳಲ್ಲಿ, ಮಕ್ಕಳಿರುವಲ್ಲಿ ಎಂಥ ಪಳಗಿದ ನಾಯಿಗೂ ಚೈನು ಇರಲೇಬೇಕು.

ಒಮ್ಮೆ ಕಲಿತದ್ದು ಜೀವಮಾನವಿಡೀ ಉಳಿಯುತ್ತದೆ ಎಂಬುದೂ ತಪ್ಪು ಗ್ರಹಿಕೆ. ದಿನಕ್ಕೆ ನಾಲ್ಕಾರು ಸಲ, ಅಗತ್ಯವಿಲ್ಲದಾಗಲೂ ಕರೆದು ಬಹುಮಾನ ಕೊಡುತ್ತಿದ್ದರೆ ಕರೆ ಮಾಸದೆ ಉಳಿಯುತ್ತದೆ. ವರ್ಷಗಟ್ಟಲೆ ಚೆನ್ನಾಗಿ ಬರುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಬಾರದಾದರೆ, ನಿಧಾನವಾಗಿ ಬರತೊಡಗಿದರೆ, ಕಿವಿ ಮಂದವಾಗಿರಬಹುದು, ಕೀಲುನೋವಿರಬಹುದು, ಕಣ್ಣಿಗೆ ಪೊರೆ ಬಂದಿರಬಹುದು. ಹಠವೆಂದು ಗದರುವ ಮೊದಲು ಪಶುವೈದ್ಯರಿಗೆ ತೋರಿಸಬೇಕು. ಬರಲಾರದ ನಾಯಿಯ ಬಳಿಗೆ ತಾವೇ ನಡೆದು ಹೋಗುವುದು ಸಾಕಿದವರ ಹೊಣೆ.